ತಂದೆಯವರ ಯೆಜ್ದಿ

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿತು. ಅಲ್ಲಿ ತಯಾರಾಗಿ, ರೇಸುಗಳಲ್ಲೂ ಹೆಸರು ಮಾಡಿದ 250 ಸಿ.ಸಿ.ಯ ಯೆಜ್ದಿ ರೋಡ್‌ಕಿಂಗ್ ಮೇಲೆಯೇ ನನ್ನ ಮರ್ಹೂಮ್ ತಂದೆಯವರು ಇಂಡಿಯಿಂದ ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಮದರಸಗಳಿಗೆ ಹೋಗಿ ಬರುತ್ತಿದ್ದರು. ಅದನ್ನು ಗುಜರಿಗೆ ಹಾಕಿರೆಂದವರೇ ಹೆಚ್ಚು. ಪದವಿ ಓದುತ್ತಿರುವ ಮಗ ಒಪ್ಪದೆ, ಮನೆಯಂಗಳದಲ್ಲೇ ಪೂರ್ತಿ ಬಿಚ್ಚಿದ. ಬಿಡಿಭಾಗಗಳು ಸುಲಭವಾಗಿ ಸಿಗದ ಗಾಡಿಯಾದ್ದರಿಂದ ಒಂದೊಂದು ಬೋಲ್ಟನ್ನೂ ಚೀಟಿ ಅಂಟಿಸಿದ ಡಬ್ಬಿಯಲ್ಲಿಟ್ಟ. ಟು-ಸ್ಟ್ರೋಕ್ ಎಂಜಿನ್ನಿನಲ್ಲಿ ಪೆಟ್ರೋಲಿಗೆ ಬೆರೆಸಿದ ಎಣ್ಣೆಯೂ ಉರಿಯುತ್ತದೆ; ಆ ಮಸಿ ಎರಡೂ ಸೈಲೆನ್ಸರುಗಳಲ್ಲಿ ಕಲ್ಲಿನಂತೆ ಕಟ್ಟಿತ್ತು. ಕೆರೆದು ಮುಗಿಸುವಷ್ಟರಲ್ಲಿ ಎರಡು ಜುಮಾ ಕಳೆದವು. (ಉಗುರಿನ ಗ್ರೀಸ್ ತೊಳೆಸಿಯೇ ಅವನನ್ನು ವುಝೂವಿಗೆ ಕಳಿಸಬೇಕಾಗುತ್ತಿತ್ತು!)

ಈಗ ಎಂಜಿನ್ ಚಾಲೂ ಆಗಿದೆ. ವೇಗವೆಷ್ಟೆಂದು ಅವನ ಗೆಳೆಯರು ಕೇಳುತ್ತಾರೆ. ಸವೆದ ಬ್ರೇಕ್ ಶೂ ಬದಲಾಯಿತೇ ಎಂದು ನಾನು ಕೇಳುತ್ತೇನೆ. ಪ್ರಾಣವು ಅಲ್ಲಾಹನ ಅಮಾನತ್ತು. ಹೊಸ ಶೂ ಕೂರುವ ತನಕ ಕೀಲಿಕೈ ನನ್ನ ಜೇಬಿನಲ್ಲೇ ಇರುತ್ತದೆ.