ಟಿಕೆಟ್ ಎಷ್ಟಕ್ಕೆ ಸಿಕ್ಕಿತು?

ನಮ್ಮ ಕಡೆ ಈಗ ಬೆಂಗಳೂರಿನಿಂದ ಬಂದವರನ್ನು ಪ್ರಯಾಣ ಹೇಗಿತ್ತು ಎಂದು ಯಾರೂ ಕೇಳುವುದಿಲ್ಲ. ಟಿಕೆಟ್ ಎಷ್ಟಕ್ಕೆ ಸಿಕ್ಕಿತು ಎಂದು ಕೇಳುತ್ತಾರೆ. ಮದುವೆ ಮನೆಯಲ್ಲಿ ಊಟದ ಸರದಿಗೆ ಕಾಯುತ್ತಾ ಕುಳಿತ ಯುವಕರ ಮಾತಿಗೆ ಕಿವಿಗೊಟ್ಟರೆ ಇದು ಗೊತ್ತಾಗುತ್ತದೆ. ಒಬ್ಬ ಎರಡು ಸಾವಿರದ ಇನ್ನೂರಕ್ಕೆ ವಿಮಾನದಲ್ಲಿ ಬಂದೆ ಎನ್ನುತ್ತಾನೆ. ಇನ್ನೊಬ್ಬ ತಾನು ಸಾವಿರದ ಒಂಬೈನೂರಕ್ಕೇ ಬಂದೆ ಎಂದು ಅವನ ಬಾಯಿ ಮುಚ್ಚಿಸುತ್ತಾನೆ. ನಾಲ್ಕು ಸಾವಿರ ಕೊಟ್ಟು ಬಂದವನು ಸುಮ್ಮನೆ ಕೂರುತ್ತಾನೆ. ಕಡಿಮೆ ದುಡ್ಡಿಗೆ ಹಾರಿದವನೇ ಅಲ್ಲಿ ಜಾಣ.

ಅಗ್ಗದ ಟಿಕೆಟ್ಟನ್ನು ಹೀಗಳೆಯುವ ಉದ್ದೇಶ ನನ್ನದಲ್ಲ. ನನ್ನ ಉಮ್ಮನ ತಲೆಮಾರಿನವರಿಗೆ ವಿಮಾನವೆಂದರೆ ಹಜ್ಜಿಗೋ ಗಲ್ಫಿಗೋ ಹೋಗುವವರು ಹತ್ತುವ ವಾಹನ. ಊರಿನಿಂದ ಊರಿಗೆ ಹಾರುವುದು ದೊಡ್ಡವರ ಮಾತು. 2003ರ ಆಗಸ್ಟಿನಲ್ಲಿ ಗೊರೂರಿನ ಕ್ಯಾಪ್ಟನ್ ಗೋಪಿನಾಥ್ ಅವರ ಏರ್ ಡೆಕ್ಕನ್ ಬೆಂಗಳೂರಿನಿಂದ ಹುಬ್ಬಳ್ಳಿಗೆ ಹಾರಿದಾಗ ಆ ಮಾತು ಬದಲಾಯಿತು. ಆರ್. ಕೆ. ಲಕ್ಷ್ಮಣರ 'ಶ್ರೀಸಾಮಾನ್ಯ'ನನ್ನೇ ಆ ಕಂಪನಿ ತನ್ನ ಗುರುತಾಗಿ ಇಟ್ಟುಕೊಂಡಿತ್ತು. ಒಂದು ರೂಪಾಯಿಯ ಟಿಕೆಟ್ ಎಂಬ ಜಾಹೀರಾತನ್ನು ನಾವೆಲ್ಲ ಬೆರಗಿನಿಂದ ಓದಿದ್ದೇವೆ. ಬಡವನೂ ಒಮ್ಮೆ ಮೋಡದ ಮೇಲೆ ಹೋಗಿ ಬರಲಿ ಎಂಬ ಆಸೆಯಲ್ಲಿ ತಪ್ಪೇನಿದೆ?

ಕಳೆದ ವರ್ಷ ನನ್ನ ಅಕ್ಕನ ಮಗ ಗೆಳೆಯನ ಮದುವೆಗೆಂದು ಶನಿವಾರ ಬಂದು ಭಾನುವಾರ ಹೋದ. ಅವನು ಬೆಂಗಳೂರಿನ ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕೆಲಸಕ್ಕಿದ್ದಾನೆ.

"ಒಂದೇ ಗಂಟೆ ಮಾಮಾ, ಬಸ್ಸಿಗಿಂತ ಸ್ವಲ್ಪ ಜಾಸ್ತಿ ಅಷ್ಟೆ. ಎರಡು ಸಾವಿರದ ಇನ್ನೂರು" ಎಂದ.

"ಮನೆ ಬಿಟ್ಟದ್ದು ಎಷ್ಟು ಗಂಟೆಗೆ?" ಎಂದು ಕೇಳಿದೆ.

"ಐದೂವರೆಗೆ."

ಅವನು ನಮ್ಮ ಮನೆಯ ಮೆಟ್ಟಿಲು ಹತ್ತುವಾಗ ಗಂಟೆ ಹನ್ನೊಂದೂವರೆ. ಎಲೆಕ್ಟ್ರಾನಿಕ್ ಸಿಟಿಯಿಂದ ದೇವನಹಳ್ಳಿಗೆ ಟ್ಯಾಕ್ಸಿಗೆ 1,600 ರೂಪಾಯಿ, ಬಜ್ಪೆಯಿಂದ ಉಳ್ಳಾಲಕ್ಕೆ 900 ರೂಪಾಯಿ. ಕೂಡಿದರೆ 4,700. ಒಂದು ಗಂಟೆಯ ಪ್ರಯಾಣ ಆರು ಗಂಟೆಯಾಗಿತ್ತು, ಎರಡು ಸಾವಿರದ ಟಿಕೆಟ್ ಹೆಚ್ಚು ಕಡಿಮೆ ಐದು ಸಾವಿರವಾಗಿತ್ತು. ಹಿಂತಿರುಗುವಾಗ ಅಕ್ಕ ಕಟ್ಟಿಟ್ಟ ಕುಚ್ಚಲಕ್ಕಿ ಮತ್ತು ತೆಂಗಿನಕಾಯಿಯ ಗಂಟನ್ನು ಇಲ್ಲೇ ಬಿಟ್ಟು ಹೋದ. ವಿಮಾನದಲ್ಲಿ ತೂಕ ಹೆಚ್ಚಾದರೆ ಕಿಲೋ ಲೆಕ್ಕದಲ್ಲಿ ದುಡ್ಡು ಕೊಡಬೇಕು. ರೈಲಿನ ಸ್ಲೀಪರಿನಲ್ಲಾದರೆ 40 ಕಿಲೋ ತನಕ ಯಾರೂ ಏನೂ ಕೇಳುವುದಿಲ್ಲ.

ಇರಲಿ, ಅದು ಅವನ ಜೇಬಿನ ದುಡ್ಡು. ಅದರ ಲೆಕ್ಕ ಅವನಿಗೆ ಬಿಟ್ಟದ್ದು. ನನ್ನನ್ನು ಕಾಡುವುದು ಇಂಥ ಟಿಕೆಟ್ಟಿಗೆ ಬೇರೆಯವರ ಜೇಬಿನಿಂದ ಹೋಗುವ ದುಡ್ಡು.

ಅದಾಗಿ ಎರಡು ತಿಂಗಳಿಗೆ ನಮ್ಮ ನೆರೆಮನೆಯ ಹಿರಿಯರೊಬ್ಬರು ಸುಬಹಿಯ ಹೊತ್ತಿಗೆ ತೀರಿಕೊಂಡರು. ಅವರ ಕಿರಿಯ ಮಗ ಬೆಂಗಳೂರಿನ ಒಂದು ಬೇಕರಿಯಲ್ಲಿ ಕೆಲಸಕ್ಕಿದ್ದ. ನಮ್ಮಲ್ಲಿ ಮಯ್ಯಿತ್ತನ್ನು ಹೆಚ್ಚು ಹೊತ್ತು ಇಟ್ಟುಕೊಳ್ಳುವ ಕ್ರಮವಿಲ್ಲ. ಆದರೂ ಅಸರ್ ನಮಾಝಿನ ತನಕ ಕಾಯೋಣ ಎಂದು ಮನೆಯವರು ತೀರ್ಮಾನಿಸಿದರು. ಹುಡುಗ ಮೊಬೈಲಿನಲ್ಲಿ ವಿಮಾನ ನೋಡಿದ. ಅದೇ ಬೆಂಗಳೂರು, ಅದೇ ಮಂಗಳೂರು, ಅದೇ ಒಂದು ಗಂಟೆಯ ಹಾರಾಟ. ಟಿಕೆಟ್ಟಿಗೆ ಹನ್ನೊಂದು ಸಾವಿರ ಚಿಲ್ಲರೆ. ಅದು ಅವನ ಸಂಬಳದ ಮುಕ್ಕಾಲು ಪಾಲು. ಹಗಲಿನ ರೈಲು ಆ ದಿನ ಇರಲಿಲ್ಲ. ಬಸ್ಸು ಹಿಡಿದ. ಘಾಟಿಯಲ್ಲಿ ಲಾರಿಗಳ ಸಾಲು ನಿಂತಿತ್ತು. ಅವನು ಮನೆಗೆ ಮುಟ್ಟುವಾಗ ಇಶಾ ಬಾಂಗ್ ಆಗಿತ್ತು, ದಫನ ಮುಗಿದು ಮೂರು ಗಂಟೆ ಕಳೆದಿತ್ತು. ಅಂಗಳದಲ್ಲಿ ಹಾಕಿದ್ದ ಕುರ್ಚಿಗಳನ್ನು ಒಟ್ಟು ಮಾಡುತ್ತಿದ್ದವರು ಅವನನ್ನು ಕಂಡು ಕೈಯಲ್ಲಿದ್ದದ್ದನ್ನು ಅಲ್ಲಿಯೇ ಬಿಟ್ಟು ನಿಂತರು. ಯಾರಿಗೂ ಮಾತು ಹೊರಡಲಿಲ್ಲ.

ಇಲ್ಲಿ ಯಾರನ್ನು ದೂರುವುದು? ಕಂಪನಿ ಕಾನೂನು ಮೀರಿಲ್ಲ. ದರವನ್ನು ಯಂತ್ರ ನಿರ್ಧರಿಸುತ್ತದೆ. ತಿಂಗಳ ಮೊದಲೇ ಕೊಳ್ಳುವವನು ತಿರುಗಾಟಕ್ಕೆ ಹೋಗುವವನು, ದರ ಹೆಚ್ಚಾದರೆ ಪ್ರಯಾಣವನ್ನೇ ಬಿಡಬಲ್ಲ ಎಂಬುದು ಅದರ ಲೆಕ್ಕ. ಹಾಗಾಗಿ ಅವನನ್ನು ಅಗ್ಗದ ದರ ತೋರಿಸಿ ಕರೆಯುತ್ತದೆ. ಇಂದೇ ಹೊರಡಬೇಕಾದವನಿಗೆ ಬೇರೆ ದಾರಿಯಿಲ್ಲ, ಅವನು ಎಷ್ಟಾದರೂ ಕೊಟ್ಟಾನು ಎಂಬುದು ಅದರ ಇನ್ನೊಂದು ಲೆಕ್ಕ. ವಿಮಾನದ ಖರ್ಚು ಹೇಗೂ ಹುಟ್ಟಬೇಕಲ್ಲ? ನನ್ನ ಸೋದರಳಿಯನ ಸೀಟಿನಿಂದ ಹುಟ್ಟದ್ದು ಆಸ್ಪತ್ರೆಗೋ ಮಯ್ಯಿತ್ತಿಗೋ ಓಡುವವನ ಸೀಟಿನಿಂದ ಹುಟ್ಟುತ್ತದೆ. ಮೋಜಿಗೆ ರಿಯಾಯಿತಿ, ಕಷ್ಟಕ್ಕೆ ದಂಡ. ಅಂಗಡಿಯಲ್ಲಿ ಅಕ್ಕಿ ಮಾರುವವನು ಹಸಿದವನ ಮುಖ ನೋಡಿ ಬೆಲೆ ಏರಿಸಿದರೆ ಊರವರು ಅವನಿಗೆ ಏನು ಹೇಳುತ್ತಿದ್ದರು?

2025ರ ಡಿಸೆಂಬರಿನಲ್ಲಿ ಇದು ಇಡೀ ದೇಶಕ್ಕೆ ಕಂಡಿತು. ದೇಶದ ಅತಿ ದೊಡ್ಡ ವಿಮಾನ ಕಂಪನಿಯ ಸಾವಿರಾರು ಹಾರಾಟಗಳು ಕೆಲವೇ ದಿನಗಳಲ್ಲಿ ರದ್ದಾದವು. ಉಳಿದ ವಿಮಾನಗಳ ದರ ಆಕಾಶಕ್ಕೇರಿತು. ಕೊನೆಗೆ ಸರಕಾರವೇ ನಡುವೆ ಬಂದು 500 ಕಿಲೋಮೀಟರ್ ತನಕದ ದೂರಕ್ಕೆ 7,500 ರೂಪಾಯಿಗಿಂತ ಹೆಚ್ಚು ದರ ಕೇಳಬಾರದು ಎಂದು ಮಿತಿ ಹಾಕಬೇಕಾಯಿತು. ಹಾರಾಟ ರದ್ದಾಗಲು ಕಾರಣವೇನು? ಪೈಲಟುಗಳ ವಾರದ ವಿಶ್ರಾಂತಿಯನ್ನು 36 ಗಂಟೆಯಿಂದ 48 ಗಂಟೆಗೆ ಏರಿಸಿ, ರಾತ್ರಿ ವಿಮಾನ ಇಳಿಸುವ ಸಂಖ್ಯೆಯನ್ನು ಕಡಿಮೆ ಮಾಡಿದ ಹೊಸ ನಿಯಮ. ಅದಕ್ಕೆ ಬೇಕಾದಷ್ಟು ಪೈಲಟುಗಳನ್ನು ಕಂಪನಿ ಸಿದ್ಧಪಡಿಸಿಕೊಂಡಿರಲಿಲ್ಲ. ಅಂದರೆ ನಮ್ಮ ಅಗ್ಗದ ಟಿಕೆಟ್ಟಿನಲ್ಲಿ ಪೈಲಟುಗಳ ನಿದ್ದೆಯೂ ಸೇರಿತ್ತು. ಬಿಕ್ಕಟ್ಟು ಬಂದಾಗ ಮೊದಲು ಸಡಿಲಿಸಿದ್ದೂ ರಾತ್ರಿ ಪಾಳಿಯ ಅದೇ ನಿಯಮಗಳನ್ನು.

ನಿದ್ದೆಯ ಮಾತು ಬಂದರೆ ಮಂಗಳೂರಿನವರಿಗೆ 2010ರ ಮೇ 22 ನೆನಪಾಗದೆ ಇರುವುದಿಲ್ಲ. ದುಬೈಯಿಂದ ಬಂದ ವಿಮಾನ ಬಜ್ಪೆಯಲ್ಲಿ ರನ್‌ವೇ ದಾಟಿ ಕಂದಕಕ್ಕೆ ಬಿದ್ದು 158 ಮಂದಿ ಸತ್ತರು, ಎಂಟು ಮಂದಿ ಉಳಿದರು. ಹಾರಾಟದ ಬಹುಪಾಲು ಹೊತ್ತು ನಿದ್ದೆಯಲ್ಲಿದ್ದ ಕ್ಯಾಪ್ಟನ್ನರ ಮಂಪರನ್ನು ತನಿಖಾ ವರದಿಯು ಕಾರಣಗಳ ಪಟ್ಟಿಯಲ್ಲಿ ಸೇರಿಸಿತು. ಅಗ್ಗದ ಟಿಕೆಟ್ಟೇ ಆ ದುರಂತಕ್ಕೆ ಕಾರಣ ಎಂದರೆ ಅದು ಸುಳ್ಳಾಗುತ್ತದೆ. ಆದರೆ ನಮ್ಮನ್ನು ಹೊತ್ತು ಹಾರುವವನ ವಿಶ್ರಾಂತಿ ಎಂಥ ದೊಡ್ಡ ವಿಷಯ ಎಂಬುದು ಈ ಊರಿಗೆ ಬೇರೆಯವರು ಹೇಳಿಕೊಡಬೇಕಾಗಿಲ್ಲ.

ಏರ್ ಡೆಕ್ಕನ್ ಕಿಂಗ್‌ಫಿಷರ್ ಕಂಪನಿಯೊಳಗೆ ಸೇರಿಹೋಯಿತು. 2012ರ ಅಕ್ಟೋಬರಿನಲ್ಲಿ ಕಿಂಗ್‌ಫಿಷರ್ ಹಾರಾಟ ನಿಲ್ಲಿಸಿತು. 2019ರ ಏಪ್ರಿಲಿನಲ್ಲಿ ಜೆಟ್ ಏರ್‌ವೇಸ್, 2023ರ ಮೇಯಲ್ಲಿ ಗೋ ಫಸ್ಟ್ ನಿಂತವು. ಇವು ಮುಳುಗಲು ಅಗ್ಗದ ದರದ ಪೈಪೋಟಿಯೊಂದೇ ಕಾರಣವಲ್ಲ, ಸಾಲವೂ ಇತ್ತು, ದುಂದೂ ಇತ್ತು. ಆದರೆ ಮುಳುಗಿದಾಗ ತಿಂಗಳುಗಟ್ಟಲೆ ಸಂಬಳ ಕಾಣದೆ ಬೀದಿಗೆ ಬಂದವರು ನೌಕರರು. ಬ್ಯಾಂಕುಗಳಿಗೆ ಬಾರದೆ ಹೋದ ಸಾಲ ಸಾರ್ವಜನಿಕರ ದುಡ್ಡು.

ಹಾಗಾದರೆ ರೈಲಿನ ಅಗ್ಗದ ಟಿಕೆಟ್ಟಿಗೆ ಯಾರೂ ಬೆಲೆ ತೆರುವುದಿಲ್ಲವೇ? ತೆರುತ್ತಾರೆ. ಪ್ರಯಾಣದ ವೆಚ್ಚದಲ್ಲಿ ಸರಾಸರಿ ಶೇ. 57 ಮಾತ್ರ ವಸೂಲಾಗುತ್ತದೆ ಎಂದು ರೈಲ್ವೆ ತನ್ನ ಟಿಕೆಟ್ಟಿನ ಮೇಲೆಯೇ ಅಚ್ಚು ಹಾಕಿದ್ದನ್ನು ನೀವೂ ಓದಿರಬಹುದು. 100 ರೂಪಾಯಿ ವೆಚ್ಚದ ಪ್ರಯಾಣಕ್ಕೆ ಪ್ರಯಾಣಿಕನಿಂದ 54 ರೂಪಾಯಿ ಮಾತ್ರ ಪಡೆಯುತ್ತೇವೆ ಎಂದು 2024ರ ಡಿಸೆಂಬರಿನಲ್ಲಿ ರೈಲ್ವೆ ಸಚಿವರು ಲೋಕಸಭೆಯಲ್ಲಿ ಹೇಳಿದರು. ಕೊರತೆಯ ಬಹುಭಾಗವನ್ನು ಸರಕು ಸಾಗಣೆಯ ಆದಾಯ ತುಂಬುತ್ತದೆ. ಕಲ್ಲಿದ್ದಲಿನ ಸಾಗಣೆ ದುಬಾರಿಯಾದರೆ ಅದು ವಿದ್ಯುತ್ ಬಿಲ್ಲಿನಲ್ಲಿ ಬರುತ್ತದೆ, ರೈಲನ್ನೇ ಹತ್ತದವನ ಮನೆಗೂ ಬರುತ್ತದೆ.

ಇದಕ್ಕಿಂತ ಭಾರವಾದ ಬೆಲೆ ತೆತ್ತವರಿದ್ದಾರೆ. ಬೋಗಿಗಳ ಶೌಚಾಲಯ ನೇರವಾಗಿ ಹಳಿಯ ಮೇಲೆ ಬೀಳುತ್ತಿದ್ದ ದಶಕಗಳಲ್ಲಿ ಅದನ್ನು ಬಳಿದವರು ಗುತ್ತಿಗೆದಾರನ ಕೈಕೆಳಗಿನ ದಲಿತ ಹೆಂಗಸರು ಮತ್ತು ಗಂಡಸರು. ಮಲ ಬಳಿಸುವುದನ್ನು ನಿಷೇಧಿಸಿ 2013ರಲ್ಲಿ ಹೊಸ ಕಾಯ್ದೆ ಬಂದ ಮೇಲೂ ಬೋಗಿಗಳಿಗೆಲ್ಲ ಜೈವಿಕ ಶೌಚಾಲಯ ಬರಲು ವರ್ಷಗಳೇ ಹಿಡಿದವು. ನಮ್ಮದೇ ಸಕಲೇಶಪುರ–ಸುಬ್ರಹ್ಮಣ್ಯ ಘಾಟಿ ದಾರಿ ನೋಡಿ. 55 ಕಿಲೋಮೀಟರಿನಷ್ಟು ದೂರಕ್ಕೆ 57 ಸುರಂಗಗಳು, ನೂರಕ್ಕೂ ಹೆಚ್ಚು ಸೇತುವೆಗಳು. 2024ರ ಜುಲೈಯಲ್ಲಿ ಎಡಕುಮೇರಿ ಬಳಿ ಹಳಿಯ ಕೆಳಗಿನ ಮಣ್ಣು ಕುಸಿದಾಗ ಮಳೆಯಲ್ಲಿ ಹಗಲೂ ರಾತ್ರಿ ದುಡಿದು ದಾರಿ ಸರಿಪಡಿಸಿದವರು ಕೂಲಿಯಾಳುಗಳು. ನಾವು ಸ್ಲೀಪರಿನಲ್ಲಿ ಹೊದ್ದು ಮಲಗುವ ಮಳೆಗಾಲದ ರಾತ್ರಿಗಳಲ್ಲಿ ಟಾರ್ಚು ಹಿಡಿದು ಆ ಹಳಿಯ ಮೇಲೆ ಕಾವಲು ನಡೆಯುವವನ ಹೆಸರು ಟಿಕೆಟ್ಟಿನಲ್ಲಿ ಇರುವುದಿಲ್ಲ.

ಆದರೂ ಎರಡು ಅಗ್ಗಗಳ ನಡುವೆ ವ್ಯತ್ಯಾಸವಿದೆ. ಬೆಳಗಿನ ಹೊತ್ತು ಮಂಗಳೂರು ಸೆಂಟ್ರಲ್ ನಿಲ್ದಾಣದಲ್ಲಿ ನಿಂತು ನೋಡಿ. ಕಾಸರಗೋಡು, ಕುಂಬಳೆ, ಮಂಜೇಶ್ವರದಿಂದ ಬಂದ ರೈಲಿನಿಂದ ಕಾಲೇಜು ಮಕ್ಕಳು, ಅಂಗಡಿ ಕೆಲಸದ ಹುಡುಗರು, ಎಕ್ಸ್‌ರೇ ಹಾಳೆಯ ಲಕೋಟೆ ಹಿಡಿದ ರೋಗಿಗಳು ಇಳಿಯುತ್ತಾರೆ. ಅವರ ಜನರಲ್ ಟಿಕೆಟ್ಟಿಗೆ ನಿನ್ನೆ ಎಷ್ಟೋ ಇಂದೂ ಅಷ್ಟೇ. ನೀನು ಯಾಕೆ ಹೋಗುತ್ತಿದ್ದೀಯ, ಎಷ್ಟು ಅವಸರವಿದೆ ಎಂದು ಆ ಟಿಕೆಟ್ ಕೇಳುವುದಿಲ್ಲ. 2020ರ ಮಾರ್ಚಿನಲ್ಲಿ ರೈಲು ನಿಂತು, ತಲಪಾಡಿಯ ಗಡಿಯೂ ಮುಚ್ಚಿದಾಗ ಚಿಕಿತ್ಸೆ ಸಿಗದೆ ಗಡಿಯಾಚೆ ಜನ ಸತ್ತರು. ಆ ಅಗ್ಗದ ದಾರಿಯ ಬೆಲೆ ಏನೆಂದು ಆಗ ಎರಡೂ ರಾಜ್ಯದವರಿಗೆ ತಿಳಿಯಿತು. ಇಂಥ ಟಿಕೆಟ್ಟಿಗೆ ಸಮಾಜ ಹಾಕುವ ದುಡ್ಡು ಒಬ್ಬ ಹುಡುಗಿಯ ಪದವಿಯಾಗಿ, ಒಬ್ಬ ತಂದೆಯ ಡಯಾಲಿಸಿಸ್ ಆಗಿ ಮರಳಿ ಬರುತ್ತದೆ.

ವಿಮಾನಕ್ಕೂ ಸರಕಾರ ದುಡ್ಡು ಹಾಕಿ ನೋಡಿತು. ಒಂದು ಗಂಟೆಯ ಹಾರಾಟದ ಅರ್ಧದಷ್ಟು ಸೀಟುಗಳಿಗೆ 2,500 ರೂಪಾಯಿಯ ಮಿತಿ ಹಾಕಿ 2016ರಲ್ಲಿ ಉಡಾನ್ ಯೋಜನೆ ತಂದಿತು. ಮೊದಲ ಮೂರು ಹಂತಗಳಲ್ಲಿ ಕೊಟ್ಟ 774 ಮಾರ್ಗಗಳಲ್ಲಿ 403 ಮಾರ್ಗಗಳು ಆರಂಭವೇ ಆಗಲಿಲ್ಲ, ಸಹಾಯಧನದ ಅವಧಿ ಮುಗಿದ ಮೇಲೆ 2023ರ ಮಾರ್ಚಿನವರೆಗೆ ಉಳಿದದ್ದು 54 ಮಾತ್ರ ಎಂದು ಮಹಾಲೇಖಪಾಲರ ವರದಿ ಹೇಳಿತು. ಅದೇ ಕಾಲದಲ್ಲಿ, 2020ರ ಮಾರ್ಚಿನಲ್ಲಿ, ರೈಲಿನಲ್ಲಿ ಹಿರಿಯ ನಾಗರಿಕರಿಗಿದ್ದ ರಿಯಾಯಿತಿಯನ್ನು ತೆಗೆದುಹಾಕಲಾಯಿತು. ಯಾರಿಗೆ ಅಗ್ಗ ಬೇಕೆಂದು ತೀರ್ಮಾನಿಸುವವರು ಜನರಲ್ ಬೋಗಿಯಲ್ಲಿ ಓಡಾಡುವವರಲ್ಲ.

ಹಾರುವುದನ್ನು ನಿಲ್ಲಿಸಿ ಎಂದು ನಾನು ಹೇಳುತ್ತಿಲ್ಲ. ಎರಡೂವರೆ ಗಂಟೆಯೊಳಗೆ ರೈಲಿನಲ್ಲಿ ತಲುಪಬಹುದಾದ ಊರುಗಳ ನಡುವೆ ಫ್ರಾನ್ಸ್ 2023ರಲ್ಲಿ ವಿಮಾನ ನಿಲ್ಲಿಸಿತು. ಅಲ್ಲಿ ಅಂಥ ರೈಲು ಇತ್ತು, ನಿಲ್ಲಿಸಿತು. ನಮ್ಮ ಘಾಟಿಯಲ್ಲಿ ರೈಲಿಗೆ ಇಡೀ ರಾತ್ರಿ ಬೇಕು. ಆದರೆ ಕೆಲವನ್ನು ಕೇಳಬಹುದು. ಪ್ರತಿ ವಿಮಾನದಲ್ಲಿ ನಾಲ್ಕು ಸೀಟುಗಳನ್ನು ಕೊನೆಯ ಗಳಿಗೆಯ ತನಕ ನಿಗದಿತ ದರದಲ್ಲಿ ಇಡಲಿ, ಸಾವು ಅಥವಾ ಆಸ್ಪತ್ರೆಯ ದಾಖಲೆ ತೋರಿಸಿದವರಿಗೆ ಕೊಡಲಿ. ಕೆನಡಾ ಮತ್ತು ಅಮೆರಿಕದ ಕೆಲವು ಕಂಪನಿಗಳಲ್ಲಿ ಸಾವಿನ ಮನೆಗೆ ಹೋಗುವವರಿಗೆ ಬೇರೆ ದರವಿದೆ. ಬೆಂಗಳೂರಿನಿಂದ ಕರಾವಳಿಗೆ ಹಗಲಿನ ರೈಲು ದಿನವೂ ಓಡಲಿ, ಅದರಲ್ಲಿ ಜನರಲ್ ಬೋಗಿಗಳು ಹೆಚ್ಚಲಿ. ಇವು ದೊಡ್ಡ ಬೇಡಿಕೆಗಳೇನಲ್ಲ.

ಆ ಬೇಕರಿ ಹುಡುಗ ನಲವತ್ತನೆಯ ದಿನಕ್ಕೆ ರೈಲಿನಲ್ಲೇ ಬಂದ. ತಿಂಗಳ ಮೊದಲೇ ಸ್ಲೀಪರ್ ಬುಕ್ ಮಾಡಿದ್ದನಂತೆ. ಎಷ್ಟಕ್ಕೆ ಸಿಕ್ಕಿತು ಎಂದು ಯಾರೂ ಅವನನ್ನು ಕೇಳಲಿಲ್ಲ.