ಸೆರಗು ಮತ್ತು ಕ್ಲಿಪ್ಪು

ಉಬ್ಬುಹಲ್ಲಿಗೆ 53ನೆಯ ವಯಸ್ಸಿನಲ್ಲಿ ಕ್ಲಿಪ್ಪು ಹಾಕಿಸಿಕೊಳ್ಳುತ್ತೇನೆಂದಾಗ ನಮ್ಮ ಯಜಮಾನರು ಪೇಪರಿನಿಂದ ತಲೆಯೆತ್ತದೆ, "ವಿಮೆಯವರು ಕೊಡ್ತಾರೇನು?" ಎಂದರು. ಬೀರುವಿನಿಂದ ಪಾಲಿಸಿ ತೆಗೆದು, ಉತ್ತರಪತ್ರಿಕೆ ತಿದ್ದುವವಳಂತೆ ಕೆಂಪು ಪೆನ್ನು ಹಿಡಿದು ಕುಳಿತೆ. ಅದು 2020ರಲ್ಲಿ ಬಂದ ಆರೋಗ್ಯ ಸಂಜೀವನಿ. ರೋಗದಿಂದಲೋ ಪೆಟ್ಟಿನಿಂದಲೋ ಬೇಕಾದ ಹಲ್ಲಿನ ಚಿಕಿತ್ಸೆಗೆ ಹಣವುಂಟು. ಆದರೆ 24 ಗಂಟೆ ಆಸ್ಪತ್ರೆಯಲ್ಲಿ ಮಲಗಬೇಕು! ತಿಂಗಳಿಗೊಮ್ಮೆ ಕುರ್ಚಿಯಲ್ಲಿ ಬಾಯಿ ತೆರೆದು ತಂತಿ ಬಿಗಿಸಿಕೊಂಡು ಬರುವವಳಿಗೆ ಏನೂ ಇಲ್ಲ. ಅಂದಕ್ಕೆಂದು ಮಾಡಿಸಿಕೊಂಡರಂತೂ ಕವಡೆಯೂ ಇಲ್ಲ.

ಅಂದವೇ? ಹೆಣ್ಣು ನೋಡಲು ಬಂದ ದಿನ ಅಮ್ಮ, "ಬಾಯಿ ಬಿಟ್ಟು ನಗಬೇಡ" ಎಂದಿದ್ದಳು. ಅಂದಿನಿಂದ ಶಾಲೆಯ ಗ್ರೂಪ್ ಫೋಟೊದಲ್ಲೂ ನನ್ನ ಸೆರಗು ಬಾಯಿಗೇ. ಅದಕ್ಕೆ ಯಾವ ಕಲಮಿನಲ್ಲಿ ಹಣ ಕೇಳಲಿ?

ಚೀಟಿ ಎತ್ತಿದೆ. ತಂತಿ ಕಟ್ಟಿಸಿಕೊಂಡ ಮರುದಿನ ಏಳನೆಯ ತರಗತಿಯ ಹುಡುಗಿಯೊಬ್ಬಳು ತನ್ನ ಕ್ಲಿಪ್ಪು ತೋರಿಸಿ, "ಮೊದಲ ವಾರ ಚಪಾತಿ ಬೇಡಿ ಮಿಸ್, ಗಂಜಿ ಕುಡೀರಿ" ಎಂದಳು.