ಹೆಸರಿಲ್ಲದ ನೆರೆಯವರು

ನಮ್ಮ ಅಜ್ಜಿಯವರಿಗೆ ಅಕ್ಷರಜ್ಞಾನವಿರಲಿಲ್ಲ. ಆದರೆ ಕಿವಿಯ ಜ್ಞಾನದಲ್ಲಿ ಅವರಿಗೆ ಸಮಾನರಾದವರನ್ನು ನಾನು ಕಂಡಿಲ್ಲ. ಉತ್ತರ ಕನ್ನಡದ ನಮ್ಮ ಮನೆಯ ಹಿಂದೆ ಅಡಕೆಯ ತೋಟ. ತೋಟದಾಚೆ ಒಂದು ತೊರೆ. ಅದರ ಅಂಚಿನಲ್ಲಿ ಬಿಸಿಲು ಕಾಣದ ಜೌಗು. ಮಳೆಗಾಲದ ರಾತ್ರಿ ಜಗಲಿಯಲ್ಲಿ ಕುಳಿತು, “ಇದು ಗದ್ದೆಯ ಕಪ್ಪೆ, ಅದು ಮರದ ಕಪ್ಪೆ; ಜೌಗಿನೊಳಗಿಂದ ಟೊಕ್ ಎನ್ನುತ್ತದಲ್ಲ, ಅದು ಬೇರೆಯೇ, ತಮಾ” ಎನ್ನುತ್ತಿದ್ದರು. ಹೆಸರೇನೆಂದು ಕೇಳಿದರೆ, “ಅದಕ್ಕೆ ಹೆಸರಿಟ್ಟವರು ಯಾರು?” ಎಂದು ನಗುತ್ತಿದ್ದರು.

ಆ ಪ್ರಶ್ನೆ ಸಾಮಾನ್ಯವಾದುದಲ್ಲವೆಂದು ನನಗೆ ತಿಳಿದುದು ಬಹುಕಾಲದ ಮೇಲೆ. ಸ್ವೀಡನ್ ದೇಶದ ಲಿನೇಯಸನು 1758ರಲ್ಲಿ ಪ್ರಾಣಿಗಳಿಗೆ ಎರಡೆರಡು ಪದಗಳ ಹೆಸರಿಡುವ ಕ್ರಮವನ್ನು ನೆಲೆಗೊಳಿಸಿದನು. ಅಂದಿನಿಂದ ಇಂದಿನವರೆಗೆ ಹೆಸರು ಪಡೆದ ಜೀವಜಾತಿಗಳು ಸುಮಾರು 20 ಲಕ್ಷ. 2011ರಲ್ಲಿ ಪ್ರಕಟವಾದ ಒಂದು ಗಣನೆಯಂತೆ, ಬ್ಯಾಕ್ಟೀರಿಯಾದಿಗಳನ್ನು ಬಿಟ್ಟರೂ, ಭೂಮಿಯಲ್ಲಿರಬಹುದಾದ ಜಾತಿಗಳು ಸುಮಾರು 87 ಲಕ್ಷ. ಇಂತಹ ಗಣನೆಗಳಲ್ಲಿ ಭೇದಗಳುಂಟು. ಆದರೂ ಅರಿತುದಕ್ಕಿಂತ ಅರಿಯದುದೇ ಹೆಚ್ಚೆಂಬುದರಲ್ಲಿ ವಿವಾದವಿಲ್ಲ.

ಅರಿಯದುವೆಲ್ಲ ಕಡಲಿನ ತಳದಲ್ಲಿಯೋ ದೂರದೇಶಗಳ ಅರಣ್ಯದಲ್ಲಿಯೋ ಅಡಗಿರುವುವೆಂದು ನಾವು ಭಾವಿಸುತ್ತೇವೆ. ಅಲ್ಲಿ ಇರುವುದೇನೋ ನಿಜ. ಆದರೆ 2017ರಲ್ಲಿ ಸೊನಾಲಿ ಗರ್ಗ್ ಮತ್ತು ಅವರ ಸಂಗಡಿಗರು ನಮ್ಮ ಪಶ್ಚಿಮ ಘಟ್ಟಗಳಿಂದಲೇ ಏಳು ಹೊಸ ಇರುಳುಗಪ್ಪೆಗಳನ್ನು ವರ್ಣಿಸಿದರು. ಅವುಗಳಲ್ಲಿ ನಾಲ್ಕು, ಹೆಬ್ಬೆರಳಿನ ಉಗುರಿನ ಮೇಲೆ ಕೂರುವಷ್ಟು ಚಿಕ್ಕವು. ಅವು ಅಪರೂಪದವೂ ಅಲ್ಲ. ತಾವಿರುವ ಎಡೆಯಲ್ಲಿ ಹೇರಳವಾಗಿಯೇ ಇದ್ದುವು. ಗಾತ್ರ ಕಿರಿದು, ವಾಸ ತರಗೆಲೆಯ ಕೆಳಗೆ, ಕೂಗು ಕೀಟದ ಕೂಗಿನಂತೆ. ಆದುದರಿಂದ ಯಾರೂ ಗಮನಿಸಿರಲಿಲ್ಲ.

ನಮ್ಮ ಜಿಲ್ಲೆಯ ಕತೆಯೂ ಒಂದುಂಟು. ಕಾನಿನ ತೊರೆಗಳಲ್ಲಿ ವಾಸಿಸುವ ಒಂದು ಗಂಡುಕಪ್ಪೆ, ಹೆಣ್ಣು ಮೊಟ್ಟೆಯಿಟ್ಟು ಹೋದ ಮೇಲೆ, ಮುಂಗೈಗಳಿಂದ ಕೆಸರನ್ನು ತಂದು ಮೊಟ್ಟೆಗಳ ಮೇಲೆ ಮೆತ್ತುತ್ತದೆ. ಗುರುರಾಜ ಮತ್ತು ಅವರ ಸಂಗಡಿಗರು 2014ರಲ್ಲಿ ಇದನ್ನು ಹೊಸ ಜಾತಿಯೆಂದು ಪ್ರಕಟಿಸಿ, ಲೋಕದ ವಿಜ್ಞಾನಕ್ಕೆ ‘ಕುಂಬಾರ’ ಎಂಬ ಕನ್ನಡದ ಮಾತನ್ನೇ ಕೊಟ್ಟರು. ನಮ್ಮ ಹಿರಿಯರು ಮೊಗೆದು ಕುಡಿದ ತೊರೆಗಳಲ್ಲಿ ಈ ಕುಂಬಾರನು ತನ್ನ ಕಸುಬನ್ನು ಎಷ್ಟು ತಲೆಮಾರುಗಳಿಂದ ನಡೆಸುತ್ತಿದ್ದನೋ!

ಕಂಡ ಮಾತ್ರಕ್ಕೆ ಕೆಲಸ ಮುಗಿಯಿತೆಂದಲ್ಲ. ಜಾತಿಯೊಂದನ್ನು ಹೊಸತೆನ್ನಬೇಕಾದರೆ ಹಿಂದೆ ಹೆಸರಿಟ್ಟ ಎಲ್ಲ ಬಂಧುಗಳೊಡನೆ ಅದನ್ನು ಹೋಲಿಸಬೇಕು. ಆ ಹಳೆಯ ಮಾದರಿಗಳು ಅನೇಕ ವೇಳೆ ಪರದೇಶದ ಸಂಗ್ರಹಾಲಯಗಳಲ್ಲಿರುವುವು. ರೂಪ ಒಂದೇ ಆಗಿ ಕೂಗು ಬೇರೆಯಾಗಿರಬಹುದು. ಅದನ್ನು ಕೇಳಬೇಕಾದರೆ ಸುರಿಯುವ ಮಳೆಯಲ್ಲಿ, ಉಂಬಳಗಳ ನಡುವೆ, ಇರುಳೆಲ್ಲ ನಿಲ್ಲಬೇಕು. ಹುಲಿಯನ್ನು ನೋಡಹೋಗುವವರು ಸಾವಿರಾರು. ಇಂತಹ ವ್ರತವನ್ನು ಹಿಡಿದವರು ಬೆರಳೆಣಿಕೆಯವರು.

ಇನ್ನು ನನ್ನ ತಪ್ಪೊಪ್ಪಿಗೆ. ಅಜ್ಜಿಯವರು ತೀರಿಕೊಂಡ ಮರುವರ್ಷ ಜೌಗಿನ ನೀರನ್ನು ಬಸಿದು, ಮಣ್ಣು ತುಂಬಿ, ತೋಟವನ್ನು ಬೆಳೆಸಬೇಕೆಂದು ಹಠ ಹಿಡಿದವನು ನಾನೇ. ತಂದೆಯವರಿಗೆ ಮನಸ್ಸಿರಲಿಲ್ಲ, ಲೆಕ್ಕ ತೋರಿಸಿ ಒಪ್ಪಿಸಿದೆನು. ಅಡಕೆ ಚೆನ್ನಾಗಿಯೇ ಬಂದಿತು. ಕುಂಬಾರ ಕಪ್ಪೆಯ ವಿಷಯವನ್ನು ಓದಿದ ವರ್ಷ ಆಷಾಢದಲ್ಲಿ ಊರಿಗೆ ಹೋಗಿ ಅದೇ ಜಗಲಿಯಲ್ಲಿ ಕುಳಿತೆನು. ಗದ್ದೆಯ ಕಪ್ಪೆ ಕೂಗಿತು. ಮರದ ಕಪ್ಪೆಯೂ ಕೂಗಿತು. ‘ಬೇರೆಯೇ’ ಆದುದು ಮಾತ್ರ ಕೂಗಲಿಲ್ಲ. ಅದು ಹೆಸರು ಪಡೆದಿದ್ದ ಜಾತಿಯೋ, ಪಡೆಯದೆಯೇ ಹೋದುದೋ, ಈಗ ಹೇಳುವವರಾರು?

ಪಕ್ಕದ ಮನೆಯವರ ತೋಟದ ಕೆಳಗೆ ಇನ್ನೂ ಅಂಗೈಯಗಲದ ಜೌಗು ಉಳಿದಿದೆ. ಅದನ್ನು ತುಂಬಿಸಬೇಡಿರೆಂದು ಅವರನ್ನು ಬೇಡಿಕೊಂಡಿದ್ದೇನೆ, ಅವರು ಒಪ್ಪಿದ್ದಾರೆ. ಬರುವ ಮಳೆಗಾಲದಲ್ಲಿ ಮೊಮ್ಮಕ್ಕಳೊಡನೆ ಅದರ ದಡದಲ್ಲಿ ಕುಳಿತು ಆಲಿಸಬೇಕೆಂದಿದ್ದೇನೆ. ವಾಚಕ ಮಹಾಶಯರ ಹಿತ್ತಿಲಲ್ಲಿ ಇಂತಹ ಜೌಗಿದ್ದರೆ, ಮಣ್ಣು ತುಂಬುವ ಮೊದಲು ಒಂದು ರಾತ್ರಿ ಅವರೂ ಕಿವಿಗೊಡಲಿ.